ಅಂಟುವಾಳದಲ್ಲಿ ತೊಳೆದ ಮರಳು

ನೆಲದಡಿಯ ಎಣ್ಣೆಗೂ ನನಗೂ ಒಂದು ಕಾಲದಲ್ಲಿ ಸಂಬಂಧವಿತ್ತು ಎಂದರೆ ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. ನಗಲಿ. ಬೆಂಗಳೂರಿನಲ್ಲಿ ಎಲ್ಲಿ ತೋಡಿದರೂ ಸಿಗುವುದು ಬಂಡೆ, ಪುಣ್ಯವಿದ್ದರೆ ನೀರು. ಆದರೂ ಎಪ್ಪತ್ತರ ದಶಕದ ನಡುವೆ ಸುಮಾರು ಒಂದು ವರ್ಷ ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ತಗಡಿನ ಸೂರಿನ ಕೆಳಗೆ ಕೂತು, ದೂರದ ಯಾವುದೋ ರಾಜ್ಯದ ಉಪ್ಪು ನೆಲದಲ್ಲಿ ಸಿಕ್ಕಿಕೊಂಡ ಎಣ್ಣೆಯನ್ನು ಸೋಪಿನ ದ್ರವದಿಂದ ಹೊರಗೆ ತೆಗೆಯುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದೆ. ಅದಕ್ಕೆ ಸಂಬಳವನ್ನೂ ಕೊಡುತ್ತಿದ್ದರು.

ಅದು ಬಟ್ಟೆ ಸೋಪು, ಸೋಪಿನ ಪುಡಿ ಮಾಡುವ ಸಣ್ಣ ಕಾರ್ಖಾನೆ. ಹಿಂಬದಿಯಲ್ಲಿ ಗೋಡೌನಿಗೆ ತಾಗಿದ ಒಂದು ಉದ್ದನೆಯ ಕೋಣೆ, ಅದೇ ನಮ್ಮ ಪ್ರಯೋಗಶಾಲೆ. ಅದನ್ನು ನೋಡಿಕೊಳ್ಳುತ್ತಿದ್ದವರು ಧಾರವಾಡದ ಕಡೆಯ ಒಬ್ಬ ಹಿರಿಯರು. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗವಿಟ್ಟ ಬೆಳ್ಳಿಯ ಕರಡಿಗೆ, ಜೇಬಿನಲ್ಲಿ ನಶ್ಯದ ಡಬ್ಬಿ. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಇಪ್ಪತ್ತು ವರ್ಷ ಸೋಪಿನ ಬಿಲ್ಲೆಯ ತೂಕ, ತೇವ, ನೊರೆ ಇವನ್ನೇ ನೋಡಿ ಅವರಿಗೆ ಸಾಕಾಗಿ ಹೋಗಿತ್ತು. ರಿಟೈರ್ ಆಗುವ ಮೊದಲು ಒಂದಾದರೂ ದೊಡ್ಡ ಕೆಲಸ ಮಾಡಬೇಕು ಎನ್ನುವ ಆಸೆ ಅವರಲ್ಲಿ ಎಷ್ಟಿತ್ತೆಂದರೆ, ಅದನ್ನು ಮುಚ್ಚಿಡುವುದೂ ಅವರಿಗೆ ಬರುತ್ತಿರಲಿಲ್ಲ.

ಆಗ ಎಲ್ಲೆಲ್ಲೂ ಎಣ್ಣೆಯದೇ ಮಾತು. ಪೆಟ್ರೋಲಿನ ಬೆಲೆ ಏರಿತ್ತು, ಸೀಮೆಎಣ್ಣೆಗೆ ರೇಷನ್ ಅಂಗಡಿಯ ಮುಂದೆ ಡಬ್ಬಗಳೇ ಸಾಲು ನಿಂತಿರುತ್ತಿದ್ದವು. ಸಾಹೇಬರು ಎಣ್ಣೆ ತೆಗೆಯುವ ಸಂಸ್ಥೆಯೊಂದಕ್ಕೆ ತಾವೇ ಕಾಗದ ಬರೆದರು. ನಿಮ್ಮ ಹಳೆಯ ಬಾವಿಗಳಲ್ಲಿ ಉಳಿದ ಎಣ್ಣೆಯನ್ನು ಹೊರಗೆ ತಳ್ಳುವ ದ್ರವ ಮಾಡಿಕೊಡುತ್ತೇವೆ, ಒಂದು ಅವಕಾಶ ಕೊಡಿ ಎಂದು. ಆಶ್ಚರ್ಯವೆಂದರೆ ಅವರು ಉತ್ತರ ಬರೆದರು. ಜೊತೆಗೆ ಒಂದು ಡಬ್ಬ ಕಪ್ಪನೆಯ ಕಚ್ಚಾ ಎಣ್ಣೆ ಮತ್ತು ಆ ನೆಲದೊಳಗಿನ ನೀರಿನಲ್ಲಿ ಯಾವ ಯಾವ ಉಪ್ಪು ಎಷ್ಟೆಷ್ಟು ಇದೆ ಎನ್ನುವ ಪಟ್ಟಿಯನ್ನೂ ಕಳಿಸಿದರು. ಕಾರ್ಖಾನೆಯ ಮಾಲೀಕರು ಒಂದು ವರ್ಷ ಕೋಣೆ ಬಿಟ್ಟುಕೊಡಲು ಒಪ್ಪಿದರು. ವರ್ಷದ ಕೊನೆಗೆ ಸಂಸ್ಥೆಯವರು ಬಂದು ನೋಡಿ ಹೂಂ ಅಂದರೆ ಕೋಣೆ ಸಾಹೇಬರದು, ಇಲ್ಲದಿದ್ದರೆ ಅಲ್ಲಿ ಸೋಪಿನ ಪುಡಿಯ ಪೆಟ್ಟಿಗೆಗಳನ್ನು ಪೇರಿಸುತ್ತೇವೆ ಎಂದು ಮೊದಲೇ ಹೇಳಿದ್ದರು. ಎಂ.ಎಸ್ಸಿ. ಮುಗಿಸಿ ವಿಜಯನಗರದ ಮನೆಯಲ್ಲಿ ಕೂತಿದ್ದ ನನ್ನನ್ನು ಸೇರಿಸಿಕೊಂಡದ್ದು ಈ ಕೆಲಸಕ್ಕೇ.

ಮೊದಲ ದಿನವೇ ಸಾಹೇಬರು ನನಗೆ ಪಾಠ ಮಾಡಿದರು. "ನೋಡ ತಂಗಿ, ಎಣ್ಣಿ ನೆಲದಾಗ ಬಾವಿ ನೀರಿನಗತೆ ನಿಂತಿರೂದಿಲ್ಲ. ಮರಳಿನ ಕಾಳು ಕಾಳಿನ ನಡುವ ಕಚ್ಚಿಕೊಂಡಿರ್ತದ. ನೀರು ಬಿಟ್ಟರ ಒಂದಿಷ್ಟು ಬರ್ತದ, ಉಳದದ್ದು ಜಪ್ಪಯ್ಯ ಅಂದರೂ ಬರೂದಿಲ್ಲ."

ಪೂರಿ ಕರಿದ ಬಾಣಲೆಯನ್ನು ಬರೀ ನೀರಿನಲ್ಲಿ ತೊಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಸೋಪು ಹಾಕಿದರೆ ಜಿಡ್ಡು ಬಿಡುತ್ತದೆ. ಆದರೆ ನೆಲದೊಳಗಿನ ಆ ನೀರು ಉಪ್ಪುಪ್ಪು. ಉಪ್ಪು ನೀರಿಗೂ ಸೋಪಿಗೂ ಎಣ್ಣೆ ಸೀಗೇಕಾಯಿ ಸಂಬಂಧ ಎನ್ನುವುದು ವಿಜಯನಗರದ ಹೆಂಗಸರಿಗೆ ಯಾವ ಕಾಲೇಜಿಗೂ ಹೋಗದೆ ಗೊತ್ತಿತ್ತು. ನಲ್ಲಿ ನೀರು ಬಾರದ ದಿನ ಬಾವಿಯ ಗಡಸು ನೀರಿನಲ್ಲಿ ಬಟ್ಟೆ ಒಗೆದರೆ ನೊರೆ ಬರುವುದಿರಲಿ, ಸೋಪೇ ಒಡೆದ ಹಾಲಿನಂತೆ ಬಿಳಿ ಬಿಳಿ ಗಸಿಯಾಗಿ ಬಕೆಟ್ಟಿನ ಅಂಚಿಗೆ ಅಂಟುತ್ತಿತ್ತು. ಉಪ್ಪಿಗೆ ಒಡೆಯದ ಸೋಪಿನ ದ್ರವ ಮಾಡುವುದು, ಅದರಿಂದ ಎಣ್ಣೆ ಹೊರಡಿಸುವುದು, ಇಷ್ಟೇ ನಮ್ಮ ಕೆಲಸ. ಕೇಳುವುದಕ್ಕೆ ಸುಲಭ.

ಒಂದು ಮೊಳದುದ್ದದ ಗಾಜಿನ ಕೊಳವೆ. ಅದರೊಳಗೆ ಮರಳು ತುಂಬಬೇಕು. ಮೊದಲು ಉಪ್ಪು ನೀರು, ಆಮೇಲೆ ಕಚ್ಚಾ ಎಣ್ಣೆ, ಆಮೇಲೆ ಮತ್ತೆ ಉಪ್ಪು ನೀರು. ಎಣ್ಣೆ ಬರುವುದು ನಿಂತ ಮೇಲೆ ನಮ್ಮ ದ್ರವ ಬಿಟ್ಟು, ಕೆಳಗೆ ಅಳತೆಯ ಗಾಜಿನಲ್ಲಿ ಹನಿ ಹನಿಯಾಗಿ ಏನು ಬೀಳುತ್ತದೆಂದು ನೋಡುತ್ತ ಕೂರಬೇಕು. ಬೆಳಿಗ್ಗೆ ಶುರು ಮಾಡಿದರೆ ಸಂಜೆಯ ಬಸ್ಸಿನ ಹೊತ್ತಿಗೆ ಮುಗಿಯುತ್ತಿತ್ತು. ಕೊಳವೆಯ ತಿರುಪು ತಿರುಗಿಸುವ ಮುನ್ನ ಸಾಹೇಬರು ಪ್ರತಿಸಲವೂ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಳ್ಳುತ್ತಿದ್ದರು. ನಾನು ಮೊದಮೊದಲು ಮುಖ ತಿರುಗಿಸಿ ನಗುತ್ತಿದ್ದೆ, ಆಮೇಲಾಮೇಲೆ ನನಗೂ ಅದು ಆಗದಿದ್ದರೆ ಏನೋ ಬಿಟ್ಟುಹೋದ ಹಾಗೆ ಅನಿಸತೊಡಗಿತು.

ಮರಳು ಬರುತ್ತಿದ್ದುದು ಕೆಂಗೇರಿಯ ಹತ್ತಿರದ ಹೊಳೆಯಿಂದ. ಅದನ್ನು ಮೂರು ಜರಡಿಯಲ್ಲಿ ಸೋಸಿ ಒಂದೇ ಗಾತ್ರದ ಕಾಳು ಆರಿಸುವ ಹೊತ್ತಿಗೆ ಜೀವ ಬಾಯಿಗೆ ಬರುತ್ತಿತ್ತು. ಹಾಗಾಗಿ ಒಮ್ಮೆ ಆರಿಸಿದ ಮರಳನ್ನೇ ಎಣ್ಣೆ ತೊಳೆದು ತೊಳೆದು ಮತ್ತೆ ಬಳಸುತ್ತಿದ್ದೆವು. ಆ ತೊಳೆಯುವ ಕೆಲಸ ಉಲ್ಲಾಳದಮ್ಮನದು. ಬೆಂಗಳೂರಿನ ಹೊರಗಿನ ಉಲ್ಲಾಳ ಹಳ್ಳಿಯಿಂದ ಬರುತ್ತಿದ್ದುದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ನಮ್ಮಮ್ಮನ ವಯಸ್ಸು, ಮಾತು ಕಡಿಮೆ. ನಸುಕಿನಲ್ಲಿ ಎದ್ದು ಅಡುಗೆ ಮುಗಿಸಿ, ಅಷ್ಟು ದೂರ ನಡೆದು, ಬಸ್ಸು ಹಿಡಿದು ನನಗಿಂತ ಮೊದಲೇ ಬಂದು ಹಿಂದಿನ ನಲ್ಲಿಯ ಹತ್ತಿರ ಕೂತಿರುತ್ತಿದ್ದಳು.

ತೊಳೆಯುವ ಪದ್ಧತಿಯನ್ನು ಸಾಹೇಬರು ಹೇಳಿದ್ದರು, ನಾನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಮೊದಲು ಸೀಮೆಎಣ್ಣೆ, ಆಮೇಲೆ ವಾಷಿಂಗ್ ಸೋಡಾ ಹಾಕಿದ ಕುದಿನೀರು, ಆಮೇಲೆ ಆಸಿಡ್ಡು, ಕೊನೆಗೆ ಏಳು ನೀರು. ಉಲ್ಲಾಳದಮ್ಮನಿಗೆ ಓದಲು ಬರುತ್ತಿರಲಿಲ್ಲ. ನಾನು ಒಂದು ಸಲ ಓದಿ ಹೇಳಿದೆ, ಆಕೆ ತಲೆಯಾಡಿಸಿದಳು. ಅಷ್ಟಕ್ಕೆ ನನ್ನ ಜವಾಬ್ದಾರಿ ಮುಗಿಯಿತು ಅಂದುಕೊಂಡೆ. ಸಾಹೇಬರಂತೂ ಆಕೆಯ ಜೊತೆ ನೇರವಾಗಿ ಮಾತಾಡಿದವರೇ ಅಲ್ಲ. ಏನಿದ್ದರೂ ನನಗೆ ಹೇಳುತ್ತಿದ್ದರು, ನಾನು ಆಕೆಗೆ ದಾಟಿಸುತ್ತಿದ್ದೆ. ಅದರಲ್ಲಿ ತಿರಸ್ಕಾರವೇನೂ ಇರಲಿಲ್ಲ, ಅವರ ಕಣ್ಣು ಕೊಳವೆಯ ಮೇಲಿರುತ್ತಿತ್ತು, ಅಷ್ಟೇ.

ಮೊದಲ ಆರೇಳು ತಿಂಗಳು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ದ್ರವ ಉಪ್ಪಿಗೆ ಒಡೆಯದಂತೆ ಮಾಡುವುದೇನೋ ಸಾಧಿಸಿದೆವು, ಆದರೆ ಕೊಳವೆಯೊಳಗೆ ಹೋದ ಸೋಪು ಎಲ್ಲಿ ಹೋಗುತ್ತದೆಂದೇ ತಿಳಿಯುತ್ತಿರಲಿಲ್ಲ. ಕೆಳಗೆ ಬೀಳುತ್ತಿದ್ದುದು ಬರೀ ನೀರು, ಮೇಲೆ ಒಂದೆರಡು ಕಪ್ಪು ಚುಕ್ಕೆ. ಸಾಹೇಬರು ನಶ್ಯ ಏರಿಸಿ ಕಿಟಕಿಯ ಹೊರಗೆ ನೋಡುತ್ತ ನಿಲ್ಲುತ್ತಿದ್ದರು. ಅಂಥ ದಿನಗಳಲ್ಲಿ ನಾನು ಟಿಫನ್ ಡಬ್ಬಿಯನ್ನೂ ಸದ್ದಾಗದಂತೆ ತೆರೆಯುತ್ತಿದ್ದೆ.

ದೀಪಾವಳಿ ಕಳೆದ ವಾರ ಸಾಹೇಬರು ದ್ರವಕ್ಕೆ ಹೊಸದೊಂದು ಪದಾರ್ಥ ಬೆರೆಸಿದರು. ಆ ಸಲ ಮಧ್ಯಾಹ್ನದ ಹೊತ್ತಿಗೆ ಕೊಳವೆಯ ಬುಡದಲ್ಲಿ ಕಪ್ಪನೆಯ ಪಟ್ಟಿಯೊಂದು ಕಾಣಿಸಿತು. ಆಮೇಲೆ ಹನಿ ಹನಿಯಾಗಿ ಎಣ್ಣೆ ಇಳಿಯತೊಡಗಿತು. ಸಂಜೆಗೆ ನೋಡಿದರೆ, ಮರಳಿನಲ್ಲಿ ಉಳಿದಿದ್ದ ಎಣ್ಣೆಯ ಮುಕ್ಕಾಲು ಪಾಲು ಅಳತೆಯ ಗಾಜಿನಲ್ಲಿತ್ತು. ಸಾಹೇಬರು ಆ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದನ್ನು ನನ್ನ ಕೈಗೆ ಕೊಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಅಂದು ಬಸ್ಸಿನಲ್ಲಿ ನಿಂತೇ ಮನೆಗೆ ಹೋದರೂ ಕಾಲು ನೋಯಲಿಲ್ಲ.

ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಹೊಸ ಪದಾರ್ಥವೇ ಕಾರಣ ಎಂದು ನಾವಿಬ್ಬರೂ ಒಂದಿಷ್ಟೂ ಅನುಮಾನವಿಲ್ಲದೆ ನಂಬಿದೆವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು ಎನ್ನುವುದು ಗೊತ್ತಾಗಬೇಕಾದರೆ ಇನ್ನೂ ಮೂರು ತಿಂಗಳು ಬೇಕಾಯಿತು. ಕೋಣೆಯಲ್ಲಿ ಆಗೀಗ ಒಂದು ಹುಳಿ ವಾಸನೆ ಬರುತ್ತಿತ್ತು, ಅಮ್ಮ ರೇಷ್ಮೆ ಸೀರೆ ಒಗೆದ ದಿನ ಬಚ್ಚಲಲ್ಲಿ ಬರುವಂಥದು. ನಶ್ಯದ ಮೂಗಿನ ಸಾಹೇಬರಿಗೆ ಅದು ತಿಳಿಯಲಿಲ್ಲ. ನನ್ನ ಮೂಗಿಗೆ ಬಿತ್ತು, ತಲೆಗೆ ಹತ್ತಲಿಲ್ಲ. ಮೂಲೆಯ ಸೋಡಾ ಚೀಲ ತಿಂಗಳುಗಟ್ಟಲೆ ಕರಗದೆ ಕೂತಿದ್ದನ್ನೂ ನಾನು ದಿನಾ ನೋಡುತ್ತಿದ್ದೆ. ಸಾಹೇಬರು ಸಂಸ್ಥೆಯವರಿಗೆ ಕಾಗದ ಬರೆದರು. ಶಿವರಾತ್ರಿಗೆ ಮುಂಚೆ ಇಬ್ಬರು ಅಧಿಕಾರಿಗಳು ಬಂದು ಕಣ್ಣಾರೆ ನೋಡುತ್ತಾರೆ ಎಂದು ಉತ್ತರ ಬಂತು.

ಇದರ ನಡುವೆ ಸಂಕ್ರಾಂತಿ ಬಂತು. ನಾನು ಎಳ್ಳುಬೆಲ್ಲದ ಪೊಟ್ಟಣಗಳನ್ನು ಮಾಡಿಕೊಂಡು ಹೋಗಿ ಕಾರ್ಖಾನೆಯಲ್ಲಿ ಎಲ್ಲರಿಗೂ ಹಂಚಿದೆ. ಪೊಟ್ಟಣ ಮುಗಿದು ಉಲ್ಲಾಳದಮ್ಮನಿಗೆ ಡಬ್ಬಿಯಿಂದಲೇ ಕೊಡಲು ಹೋದಾಗ ಆಕೆ ಸೆರಗು ಒಡ್ಡಿದಳು. ಕೈ ಕೊಡಿ ಎಂದೆ. ಆಕೆ ನಕ್ಕು ಸೆರಗನ್ನೇ ಹಿಡಿದಿದ್ದಳು. ನಾನು ಹಟಮಾರಿ, ಆಕೆಯ ಕೈ ಎಳೆದುಕೊಂಡೆ. ಅಂಗೈ ತುಂಬ ಕಪ್ಪು ಗೆರೆಗಳು, ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಮತ್ತೆ ಕೂಡಿದ ಗುರುತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಗಾದೆ ಹೇಳುತ್ತೇವೆ, ಆದರೆ ಅದು ಅವರವರ ಅಂಗೈಗೆ ಹೇಳಿದ್ದು. ಒಂದೇ ಕೋಣೆಯಲ್ಲಿ ಒಂಬತ್ತು ತಿಂಗಳು ಕಳೆದ ನನಗೆ ಅದು ಕಂಡಿರಲಿಲ್ಲ.

"ಈಗ ವಾಸಿ ಕಣಮ್ಮಣ್ಣಿ. ಮುಂಚೆ ನೋಡ್ಬೇಕಾಗಿತ್ತು ನೀವು" ಅಂದಳು.

ಸಂಕೋಚಕ್ಕೆ ಹೀಗನ್ನುತ್ತಾಳೆ ಅಂದುಕೊಂಡೆ. ಆ ಶನಿವಾರವೇ ಅವೆನ್ಯೂ ರಸ್ತೆಯ ಕಡೆ ಹೋಗಿ, ಆಸ್ಪತ್ರೆಯ ಸಾಮಾನು ಮಾರುವ ಅಂಗಡಿಯಲ್ಲಿ ಮೊಣಕೈವರೆಗೆ ಬರುವ ಕೆಂಪು ರಬ್ಬರಿನ ಗ್ಲೌಸು ಕೊಂಡು ತಂದೆ. ಇನ್ನು ಮೇಲೆ ಇದನ್ನು ಹಾಕಿಕೊಂಡೇ ತೊಳೆಯಬೇಕು, ಆಸಿಡ್ಡೂ ಏನೂ ಮಾಡುವುದಿಲ್ಲ ಎಂದು ಕೊಟ್ಟೆ. ಆಕೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಪ್ರಯೋಗ ನಿಲ್ಲಿಸಿ, ಅಧಿಕಾರಿಗಳು ಬರುವ ದಿನಕ್ಕೆಂದು ಎಲ್ಲವನ್ನೂ ಹೊಸದಾಗಿ ಅಣಿಮಾಡಿದೆವು. ಹಿಂದಿನ ದಿನ ಉಲ್ಲಾಳದಮ್ಮ ದೊಡ್ಡ ಬೇಸಿನ್ನು ತುಂಬ ಮರಳು ತೊಳೆದು ಬಿಸಿಲಿಗೆ ಹರವಿದಳು. ಬಂದವರು ಇಬ್ಬರೂ ಸಭ್ಯರು, ಒಬ್ಬರಿಗೆ ಸ್ವಲ್ಪ ಕನ್ನಡವೂ ಬರುತ್ತಿತ್ತು. ಮಾಲೀಕರು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಓಡಾಡಿದರು. ಸಾಹೇಬರು ಕರಡಿಗೆ ಮುಟ್ಟಿಕೊಂಡು ತಿರುಪು ತಿರುಗಿಸಿದರು. ನಾವೆಲ್ಲ ಕುರ್ಚಿ ಹಾಕಿಕೊಂಡು ಕೂತೆವು.

ಮಧ್ಯಾಹ್ನವಾಯಿತು, ಕಪ್ಪು ಪಟ್ಟಿ ಬರಲಿಲ್ಲ. ಊಟಕ್ಕೆ ಬಿಸಿಬೇಳೆಬಾತು, ಜಹಾಂಗೀರು ತರಿಸಿದ್ದರು. ತಿಂದು ಬಂದ ಮೇಲೂ ಬರಲಿಲ್ಲ. ಅಳತೆಯ ಗಾಜಿನಲ್ಲಿ ತಿಳಿ ನೀರು ಏರುತ್ತಲೇ ಇತ್ತು. ಸಾಹೇಬರು ಬಗ್ಗಿ ಕೊಳವೆಯನ್ನೇ ನೋಡುತ್ತಿದ್ದರು, ಅವರ ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. ಸಂಜೆ ಅಧಿಕಾರಿಗಳು ಎದ್ದು, ಪ್ರಯೋಗ ಎಂದ ಮೇಲೆ ಇವೆಲ್ಲ ಇದ್ದದ್ದೇ, ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳಿ ಸಾಹೇಬರ ಕೈ ಕುಲುಕಿದರು. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ಟ್ಯಾಕ್ಸಿ ಹೊರಟ ಮೇಲೆ ಮಾಲೀಕರು, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿಬಿಡಿ ಎಂದು ಮೆಲ್ಲಗೇ ಹೇಳಿದರು.

ಮರುದಿನದಿಂದ ಸಾಹೇಬರು ತಮ್ಮನ್ನೇ ಹುರಿದುಕೊಳ್ಳತೊಡಗಿದರು. ದ್ರವ ಹಳೆಯದಾಯಿತೇ, ಉಪ್ಪಿನ ತೂಕ ತಪ್ಪಿತೇ, ಬಿಸಿಲು ಹೆಚ್ಚಾಯಿತೇ ಎಂದು ಒಂದೊಂದನ್ನೇ ಬದಲಿಸಿ ನೋಡಿದರು. ಅದೇ ತೊಳೆದ ಮರಳಿನಲ್ಲಿ ಮತ್ತೆ ಎರಡು ಸಲ ಮಾಡಿದೆವು, ಎರಡು ಸಲವೂ ಬರೀ ನೀರು. ಮೂರನೆಯ ಸಲಕ್ಕೆ ಮರಳು ಸಾಲದೆ, ಸಂಕ್ರಾಂತಿಗೆ ಮೊದಲು ತೊಳೆದು ಒಂದು ಬಿಸ್ಕತ್ತಿನ ಡಬ್ಬದಲ್ಲಿಟ್ಟಿದ್ದ ಮರಳನ್ನು ನಾನು ಸುರಿದೆ. ಮಧ್ಯಾಹ್ನಕ್ಕೆ ಸರಿಯಾಗಿ ಕಪ್ಪು ಪಟ್ಟಿ ಇಳಿದು ಬಂತು. ದ್ರವ ಅದೇ, ಉಪ್ಪು ಅದೇ. ಬೇರೆಯಾದದ್ದು ಮರಳು ಒಂದೇ.

ಸಾಹೇಬರು ನನ್ನ ಮುಖ ನೋಡಿದರು. ಮರಳು ತೊಳೆಯುವಾಗ ಏನಾದರೂ ಹೆಚ್ಚುಕಡಿಮೆಯಾಗಿದೆಯೇ ಕೇಳಿಕೊಂಡು ಬಾ ಎಂದರು.

ನಲ್ಲಿಯ ಹತ್ತಿರ ಹೋಗಿ ಕೇಳಿದೆ. ನೀವು ಓದಿ ಹೇಳಿದ ಹಾಗೇ ತೊಳೆದೆ ಎಂದಳು ಉಲ್ಲಾಳದಮ್ಮ. ಸಂಕ್ರಾಂತಿಗೆ ಮುಂಚೆ ತೊಳೆದದ್ದನ್ನೋ ಎಂದೆ. ಆಕೆ ಬೇಸಿನ್ನಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. ನನಗೆ ಸಿಟ್ಟು ಬೇಗ. ಆದರೆ ಅದನ್ನು ನುಂಗಿಕೊಂಡು ನಾನೂ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಸಾಹೇಬರ ಕೋಣೆ ಹೋಗುತ್ತಿದೆ, ನಿಮಗೆ ಗೊತ್ತಿದ್ದರೆ ಹೇಳಿ ಎಂದೆ.

ಆಕೆ ಬುತ್ತಿಯ ಗಂಟು ಬಿಚ್ಚಿ, ಒಳಗಿನಿಂದ ಒಂದು ಬಟ್ಟೆಯ ಚೀಲ ತೆಗೆದು ನನ್ನ ಮುಂದೆ ಸುರಿದಳು. ಒಣಗಿದ, ಸುಕ್ಕುಗಟ್ಟಿದ, ಕಂದು ಬಣ್ಣದ ಅಂಟುವಾಳದ ಕಾಯಿಗಳು, ಅಮ್ಮ ರೇಷ್ಮೆ ಸೀರೆ ಒಗೆಯಲು ನೆನೆಹಾಕುವಂಥವು.

"ಬೈಬೇಡಿ ಅಮ್ಮಣ್ಣಿ. ದೀಪಾವಳಿ ಆದ್ಮೇಲಿಂದ ಸೋಡಾನೂ ಹಾಕಿಲ್ಲ, ಆಸಿಡ್ಡೂ ಹಾಕಿಲ್ಲ. ಇದ್ರಲ್ಲೇ ತೊಳೀತಿದ್ದೆ. ಕೈ ಬಿರಿದು ರಕ್ತ ಬರೋದು, ಮನೇಲಿ ಮುದ್ದೆ ಕಟ್ಟಕ್ಕೂ ಆಗ್ತಿರ್ಲಿಲ್ಲ. ಹೇಳಿದ್ರೆ ಕೆಲ್ಸದಿಂದ ತೆಗೀತೀರಿ ಅಂತ ಸುಮ್ಕಿದ್ದೆ."

ಉಲ್ಲಾಳದ ಕೆರೆ ಏರಿಯ ಪಕ್ಕ ಅಂಟುವಾಳದ ಮರವಿತ್ತಂತೆ. ಕಾಯಿ ಜಜ್ಜಿ ಬಿಸಿನೀರಿನಲ್ಲಿ ನೆನೆಹಾಕಿ, ಆ ನೀರಿನಲ್ಲಿ ಮರಳು ತಿಕ್ಕಿ, ಎರಡೇ ನೀರಿನಲ್ಲಿ ಜಾಲಿಸಿಬಿಡುತ್ತಿದ್ದಳು. ಎಣ್ಣೆಯೂ ಹೋಗುತ್ತಿತ್ತು, ಕೈಯೂ ಉಳಿಯುತ್ತಿತ್ತು. ಮತ್ತೆ ಅಧಿಕಾರಿಗಳು ಬಂದ ದಿನದ ಮರಳನ್ನು ಯಾಕೆ ಪದ್ಧತಿಯ ಪ್ರಕಾರ ತೊಳೆದಿರಿ ಎಂದು ಕೇಳಿದೆ. ದೊಡ್ಡವರು ಬರುತ್ತಾರಲ್ಲ ಎಂದು ಹಾಗೆ ಮಾಡಿದೆ ಎಂದಳು, ನನ್ನ ಕಡೆ ನೋಡದೆ. ನನಗೆ ಹೇಳಿದ್ದಾಯಿತು, ಸಾಹೇಬರಿಗೆ ಮಾತ್ರ ಬೇಡ ಎಂದು ಕೈ ಹಿಡಿದುಕೊಂಡಳು.

ಆ ಹತ್ತು ಹೆಜ್ಜೆ ನಡೆಯುವುದರಲ್ಲಿ ನಾನು ಮೂರು ಸಲ ಮನಸ್ಸು ಬದಲಿಸಿದೆ. ಹೇಳದಿದ್ದರೆ ಸಾಹೇಬರು ಸಾಯುವ ತನಕ ತಮ್ಮ ದ್ರವವನ್ನೇ ದೂರುತ್ತಾರೆ. ಹೇಳಿದರೆ ಆಕೆಯ ಅನ್ನ ಹೋಗಬಹುದು. ಕೊನೆಗೆ ಒಳಗೆ ಹೋಗಿ, ತಪ್ಪು ನನ್ನದು, ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ.

ಸಾಹೇಬರು ನಶ್ಯದ ಡಬ್ಬಿ ತೆಗೆದರು, ತೆರೆಯದೆ ಮತ್ತೆ ಜೇಬಿಗೆ ಹಾಕಿದರು. ಬಯ್ಯುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ.

"ಆಕಿ ಕೈ ಈಗ ಹೆಂಗದಾವ ತಂಗಿ?"

ಸ್ವಲ್ಪ ವಾಸಿ ಸಾರ್ ಎಂದೆ. ಅವರು ಎದ್ದು ಹಿಂದಿನ ನಲ್ಲಿಗೆ ನಡೆದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಉಲ್ಲಾಳದಮ್ಮ ಗಾಬರಿಯಿಂದ ಎದ್ದು ನಿಂತಳು. ಸಾಹೇಬರು ಅಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಅಂಗಿಯ ತೋಳು ಮಡಿಸಿದರು. "ಹೆಂಗ ತೊಳೀತಿ ತೋರ್ಸವಾ. ನಾನೂ ಕಲೀತೀನಿ" ಎಂದರು.

ಆಕೆ ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ. ಆಕೆ ಕಾಯಿ ಜಜ್ಜಿದಳು, ನೆನೆಸಿದಳು, ನೊರೆ ಎಬ್ಬಿಸಿದಳು. ಸಾಹೇಬರು ತಾವೂ ಒಂದು ಹಿಡಿ ಮರಳು ತೆಗೆದುಕೊಂಡು ತಿಕ್ಕಿದರು. ಆಮೇಲೆ ಪಕ್ಕದ ಸೋಡಾ ನೀರಿನಲ್ಲೂ ಒಂದು ಹಿಡಿ ತಿಕ್ಕಿ, ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಇಷ್ಟು ದಿನ ಇದರಾಗ ಕೈ ಹಾಕಿಸಿದೆನಲ್ಲ ಎಂದು ತಮಗೆ ತಾವೇ ಹೇಳಿಕೊಂಡಂತಿತ್ತು.

ಅಂದು ತೊಳೆದ ಮರಳಿನಲ್ಲಿ ಮರುದಿನ ಎಣ್ಣೆ ಇಳಿಯಿತು. ಸೋಡಾದಲ್ಲಿ ತೊಳೆದದ್ದರಲ್ಲಿ ಇಳಿಯಲಿಲ್ಲ. ಹಳೆಯ ದ್ರವವನ್ನೇ, ಹೊಸ ಪದಾರ್ಥ ಹಾಕದೆ, ಅಂಟುವಾಳದ ಮರಳಿಗೆ ಬಿಟ್ಟರೂ ಇಳಿಯಿತು. ಆಗ ನಿಜ ತಿಳಿಯಿತು. ನಮ್ಮ ದ್ರವದಲ್ಲಿದ್ದ ಸೋಪು ಎಣ್ಣೆಯ ಹತ್ತಿರ ಹೋಗುವ ಮೊದಲೇ ಮರಳಿಗೆ ಮೆತ್ತಿಕೊಂಡು ಮುಗಿದುಹೋಗುತ್ತಿತ್ತು. ಎರಡೇ ನೀರಿನಲ್ಲಿ ಜಾಲಿಸಿದ್ದರಿಂದ ಅಂಟುವಾಳದ ಸಾರ ಮರಳಿನ ಮೇಲೆ ಉಳಿದಿರುತ್ತಿತ್ತು. ಮೆಜೆಸ್ಟಿಕ್ಕಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಅದು ಮೊದಲೇ ಜಾಗ ಹಿಡಿದಿತ್ತು. ನಮ್ಮ ಸೋಪಿಗೆ ಕೂರಲು ಜಾಗ ಸಿಗದೆ ಮುಂದೆ ಎಣ್ಣೆಯ ಹತ್ತಿರ ಹೋಗುತ್ತಿತ್ತು. ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. ಹಿತ್ತಲ ಗಿಡ ಮದ್ದಲ್ಲ ಅಂತಾರ, ನಾವೂ ಅದನ್ನ ಮಾಡಿದಿವಿ ಎಂದರು.

ಅವರು ಸಂಸ್ಥೆಯವರಿಗೆ ಮತ್ತೆ ಕಾಗದ ಬರೆಯಲು ಕೂತರು. ಹಿಂದೆ ಬರೆದದ್ದು ಅರಿಯದೆ ಆದ ತಪ್ಪು, ಹೊಸ ಪದಾರ್ಥದ್ದೇನೂ ಹೆಚ್ಚುಗಾರಿಕೆಯಿಲ್ಲ, ದ್ರವಕ್ಕೆ ಮುಂಚೆ ಅಂಟುವಾಳದ ನೀರನ್ನು ಕಳಿಸಿದರೆ ಫಲವಿರಬಹುದು ಎಂದು ಮುಚ್ಚುಮರೆಯಿಲ್ಲದೆ ಬರೆದರು. ನನಗೆ ತಡೆಯಲಾಗಲಿಲ್ಲ. ತಪ್ಪು ಅನ್ನುವ ಪದ ಬಿಡಬಹುದಿತ್ತಲ್ಲ ಸಾರ್ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಇದನ್ನು ಕಂಡುಹಿಡಿದವರು ಇಂಥವರು ಎಂದು ಬರೆಯುವಾಗ ಪೆನ್ನು ನಿಲ್ಲಿಸಿ, "ಆಕಿ ಹೆಸರೇನು ತಂಗಿ?" ಎಂದರು.

ನನಗೆ ಗೊತ್ತಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಓಡಿ ಹೋಗಿ ಕೇಳಿಕೊಂಡು ಬಂದೆ. ಚೆಂದದ ಹೆಸರು. ಆಕೆಯನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲ ಎಂದು ಬಿಟ್ಟಿದ್ದೇನೆ, ಆದರೆ ಆ ಕಾಗದದಲ್ಲಿ ಸಾಹೇಬರ ಹೆಸರಿನ ಮೇಲೆ ಅದು ಇತ್ತು.

ಉತ್ತರ ಬರುವ ಹೊತ್ತಿಗೆ ತಿಂಗಳು ಮುಗಿದಿತ್ತು. ವಿಚಾರ ಚೆನ್ನಾಗಿದೆ, ಈ ವರ್ಷದ ಕೆಲಸ ಬೇರೆಯವರಿಗೆ ಹೋಗಿದೆ, ಮುಂದೆ ನೋಡೋಣ ಎಂದು ವಿನಯವಾಗಿ ಬರೆದಿದ್ದರು. ಸಾಹೇಬರು ಆ ಕಾಗದವನ್ನು ಎರಡು ಸಲ ಓದಿ ಮಡಿಸಿ ಜೇಬಿಗೆ ಇಟ್ಟುಕೊಂಡರು. ಮಾಲೀಕರು ತಪ್ಪು ಯಾರದೆಂದು ಕೇಳಿದಾಗ ಸಾಹೇಬರು ತಮ್ಮದೇ ಎಂದರು. ಒಂದೇ ಒಂದು ಮಾತು ನಡೆಸಿಕೊಡಿ ಎಂದು ಕೇಳಿ, ಉಲ್ಲಾಳದಮ್ಮನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿಸಿದರು. ಅಲ್ಲಿ ನೀರಿನ ಕೆಲಸವಿರಲಿಲ್ಲ. ಅವರು ಮಾತ್ರ ಮತ್ತೆ ಬಿಲ್ಲೆ ತೂಗುವ ಮೇಜಿಗೆ ಹೋದರು. ಅವರ ಸ್ಥಿತಿ ನೋಡಿ ನನಗೆ ಅಳು ಬರುತ್ತಿತ್ತು. ಅವರಿಗೆ ನನ್ನಷ್ಟು ಬೇಸರವಾದಂತೆ ಕಾಣಲಿಲ್ಲ. ಆಗೀಗ ಪ್ಯಾಕಿಂಗ್ ಕಡೆಗೆ ಹೋಗಿ, ಕೈ ತೋರ್ಸವಾ ಎಂದು ನೋಡಿ ಬರುತ್ತಿದ್ದರು.

ನನಗೆ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಕಾರ್ಖಾನೆಗೆ ಹೋದ ಕೊನೆಯ ದಿನ ಕೋಣೆಯಲ್ಲಿ ಆಗಲೇ ಪೆಟ್ಟಿಗೆಗಳು ಸೂರಿನ ತನಕ ಏರಿದ್ದವು. ಗೇಟಿನ ಹತ್ತಿರ ಉಲ್ಲಾಳದಮ್ಮ ಕಾಯುತ್ತಿದ್ದಳು. ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟಳು. ಬಿಚ್ಚಿ ನೋಡಿದರೆ ನಾನು ತಂದುಕೊಟ್ಟ ಕೆಂಪು ಗ್ಲೌಸು. ತೊಳೆದು, ಒಣಗಿಸಿ, ಅಂಟದಿರಲೆಂದು ಒಳಗೆ ಪೌಡರು ಹಾಕಿ ಮಡಿಸಿದ್ದಳು. ಇಟ್ಟುಕೊಳ್ಳಿ, ನನಗ್ಯಾಕೆ ಎಂದೆ.

"ಒಂದೇ ದಿನ ಹಾಕ್ಕೊಂಡಿದ್ದು ಕಣಮ್ಮಣ್ಣಿ. ನನ್ ಕೈ ನೋಡಿ ಅಷ್ಟು ದೂರ ಹೋಗಿ ತಂದ್ಕೊಟ್ರಿ. ನಿಮಗೆ ಮೋಸ ಮಾಡ್ಬಾರ್ದು ಅನ್ನಿಸ್ತು. ಅದಕ್ಕೇ ಆವತ್ತು ನೀವು ಓದಿ ಹೇಳಿದ್ ಹಂಗೇ ತೊಳ್ದೆ."

ನಾನು ಗೇಟಿನ ಕಂಬಿ ಹಿಡಿದುಕೊಂಡು ನಿಂತೆ. ನಲ್ಲಿಯ ಹತ್ತಿರ ನಾನು ಕೇಳಿದಾಗ ಆಕೆ ಇದನ್ನು ಯಾಕೆ ಹೇಳಲಿಲ್ಲ ಎನ್ನುವುದು ಕೇಳದೆಯೇ ತಿಳಿಯಿತು. ನನಗೆ ನೋವಾಗಬಾರದು ಎಂದು ಆ ಭಾರವನ್ನೂ ಆಕೆಯೇ ಹೊತ್ತುಕೊಂಡಿದ್ದಳು. ಹೊರಡುವ ಹೊತ್ತಿಗೆ, ಯಾವುದೂ ಉಳಿಸಿಕೊಳ್ಳಬಾರದು ಎಂದು, ಗ್ಲೌಸಿನ ಜೊತೆ ಅದನ್ನೂ ಕೊಟ್ಟಳು. ನಾನು ಕೈ ಚಾಚಿದೆ. ಈ ಸಲ ಆಕೆ ಸೆರಗು ಒಡ್ಡಲಿಲ್ಲ, ತನ್ನ ಕೈಯನ್ನೇ ನನ್ನ ಕೈಯಲ್ಲಿಟ್ಟಳು. ಗೆರೆಗಳೆಲ್ಲ ಕೂಡಿಕೊಂಡಿದ್ದವು. ಸ್ವಲ್ಪ ಒರಟಾಗಿತ್ತು, ಬೆಚ್ಚಗಿತ್ತು.